980 ಬಾರದಿದ್ದರೂ ಪರವಾಗಿಲ್ಲ

ನಮಸ್ಕಾರ. ಕಾರವಾರದಲ್ಲಿ ಇವತ್ತು ಮಳೆ ಸ್ವಲ್ಪ ಹೊಳವಾಗಿದೆ. ಅದಕ್ಕೇ ಮೊಬೈಲ್ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದೇನೆ. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಸಂಜೆ ಮದ್ದಲೆ ಬಾರಿಸುತ್ತೇನೆ. ಬೇಸಿಗೆ ರಜೆಯಲ್ಲಿ ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆಯುತ್ತೇನೆ. "ಮಾಸ್ತರೇ, ಪಾಠಕ್ಕೂ ಇದಕ್ಕೂ ಏನು ಸಂಬಂಧ?" ಅಂತ ಪಾಲಕರು ಕೇಳುತ್ತಾರೆ. ಉತ್ತರ ಹೇಳಬೇಕಾದರೆ ಮೊದಲು ನಿಮ್ಮನ್ನು ಲ್ಯಾಬಿಗೆ ಕರೆದುಕೊಂಡು ಹೋಗಬೇಕು.

ಮಕ್ಕಳು ಲೋಲಕದ ಪ್ರಯೋಗ ಮಾಡುತ್ತಾರೆ. ಒಂದು ದಾರ, ಒಂದು ಗುಂಡು, ಒಂದು ಸ್ಟಾಪ್‌ವಾಚ್. ಅದರಿಂದ ಗುರುತ್ವದ ಬೆಲೆ, ಅಂದರೆ 'ಜಿ' ಕಂಡುಹಿಡಿಯಬೇಕು. ಪುಸ್ತಕದಲ್ಲಿ 980 ಅಂತ ಇರುತ್ತದೆ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 980 ಸೆಂಟಿಮೀಟರಿನಷ್ಟು ಏರುತ್ತದೆ ಅಂತ. ರೆಕಾರ್ಡ್ ತೆಗೆದು ನೋಡಿದರೆ ಎಲ್ಲರದ್ದೂ 980, ಇಲ್ಲವೇ ಅದರ ಪಕ್ಕದ ಮನೆ.

ಆದರೆ ಕಾರವಾರದಲ್ಲಿ 'ಜಿ' 980 ಅಲ್ಲವೇ ಅಲ್ಲ. ಭೂಮಿ ತಿರುಗುತ್ತದೆ, ಸಮಭಾಜಕದ ಹತ್ತಿರ ಸ್ವಲ್ಪ ಉಬ್ಬಿದೆ. ಹಾಗಾಗಿ ನಮ್ಮ ಕಡೆ ಗುರುತ್ವ ತುಸು ಕಡಿಮೆ, 978 ಚಿಲ್ಲರೆ. ಈ ವ್ಯತ್ಯಾಸ ಎಷ್ಟು ಸಣ್ಣದು ಗೊತ್ತಾ? ಒಂದು ಮೀಟರ್ ಉದ್ದದ ಲೋಲಕವನ್ನು 100 ಸಲ ತೂಗಿಸಿದರೆ 200 ಸೆಕೆಂಡ್ ಬೇಕು. 980 ಇದ್ದ ಊರಿಗೂ ಕಾರವಾರಕ್ಕೂ ಅಷ್ಟರಲ್ಲಿ ಬರುವ ಫರಕು ಒಂದು ಸೆಕೆಂಡಿನ ಆರನೇ ಒಂದು ಪಾಲು. ಸ್ಟಾಪ್‌ವಾಚ್ ಒತ್ತುವ ಬೆರಳು ಅಷ್ಟು ಹೊತ್ತು ತಡ ಮಾಡಿಯೇ ಮಾಡುತ್ತದೆ. ಹಾಗಿರುವಾಗ ಇಡೀ ಕ್ಲಾಸಿಗೆ 980 ಬರಲು ಸಾಧ್ಯವಾ?

ಅದು ಬರುವುದು ರಬ್ಬರಿನಿಂದ. ಉತ್ತರ ಮೊದಲು ಬರೆದು, ರೀಡಿಂಗ್ ಆಮೇಲೆ ಕೂಡಿಸುತ್ತಾರೆ. ಮಕ್ಕಳಿಗೆ ನಾನು ಬೈಯುವುದಿಲ್ಲ. ಓದುವಾಗ ನಾನೂ ಹಾಗೇ ಮಾಡಿದ್ದೇನೆ, ಅದು ಈಗಲೂ ನನ್ನನ್ನು ಕಾಡುತ್ತದೆ. 974 ಬಂದರೆ ಕೆಂಪು ಗೆರೆ ಬೀಳುತ್ತದೆ ಅಂತ ಗೊತ್ತಿದ್ದರೆ ಯಾರು ತಾನೇ 974 ಬರೆಯುತ್ತಾರೆ?

ಒಂದು ವರ್ಷ ಒಬ್ಬ ಹುಡುಗಿ 959 ತಂದಳು. ಕಣ್ಣಲ್ಲಿ ನೀರು. "ಸರ್, ಮತ್ತೆ ಮತ್ತೆ ಇದೇ ಬರ್ತಿದೆ." ನನಗೆ ಖುಷಿಯಾಯಿತು. ಮತ್ತೆ ಮತ್ತೆ ಅದೇ ಬರುತ್ತಿದ್ದರೆ ಅವಳ ಕೈ ಸರಿ ಇದೆ, ತಪ್ಪು ಬೇರೆಲ್ಲೋ ಇದೆ. "ಹುಡುಕು, ನಾನು ಹೇಳುವುದಿಲ್ಲ" ಅಂದೆ. ಅರ್ಧ ಗಂಟೆ ಬೇಕಾಯಿತು. ದಾರವನ್ನು ಗುಂಡಿನ ತಲೆಯ ತನಕ ಮಾತ್ರ ಅಳೆದಿದ್ದಳು, ಗುಂಡಿನ ನಡುವಿನ ತನಕ ಅಳೆಯಬೇಕಿತ್ತು. 50 ಸೆಂಟಿಮೀಟರ್ ದಾರದಲ್ಲಿ ಒಂದೇ ಸೆಂಟಿಮೀಟರ್ ಬಿಟ್ಟುಹೋಗಿತ್ತು. ಅವಳು ಓಡಿ ಬಂದು ಹೇಳಿದ್ದು ಈಗಲೂ ಕಿವಿಯಲ್ಲಿದೆ. ಆ ದಿನ ಲ್ಯಾಬಿನಲ್ಲಿ ಫಿಸಿಕ್ಸ್ ಕಲಿತವಳು ಅವಳೊಬ್ಬಳೇ.

ಉತ್ತರ ಮೊದಲೇ ಗೊತ್ತಿರುವ ಪ್ರಯೋಗ ಮಾತ್ರ ಮಾಡಿಸಿದರೆ ಮಕ್ಕಳು ಅಳೆಯುವುದನ್ನು ಕಲಿಯುವುದಿಲ್ಲ. ವರ್ಷಕ್ಕೆ ಒಂದಾದರೂ ಅಳತೆ ಯಾವ ಗೈಡಿನಲ್ಲೂ ಉತ್ತರ ಇಲ್ಲದ್ದು ಇರಬೇಕು. ಅಂಥದ್ದನ್ನು ಹುಡುಕಲು ಮಾಸ್ತರರಿಗೆ ಪಾಠದ ಹೊರಗೆ ಒಂದು ಹುಚ್ಚು ಬೇಕೇ ಬೇಕು.

ನನ್ನ ನೆರಳಿನ ಹುಚ್ಚು ಹಾಗೆ ಉಪಯೋಗಕ್ಕೆ ಬಂತು. ನೆಟ್ಟಗೆ ಒಂದು ಕೋಲು ನಿಲ್ಲಿಸಿ, ನೆರಳು ಅತಿ ಗಿಡ್ಡ ಆಗುವ ಹೊತ್ತು ಬರೆದುಕೊಳ್ಳಿ ಅಂತ ಮಕ್ಕಳಿಗೆ ಹೇಳಿದೆ. 12 ಗಂಟೆ ಅಂದುಕೊಂಡಿದ್ದರು. ಏಪ್ರಿಲ್ ಕೊನೆಯಲ್ಲಿ ಇಲ್ಲಿ ಅದು 12.30ರ ಆಸುಪಾಸು. "ಸರ್, ಗಡಿಯಾರ ತಪ್ಪಾ?" ಅಂತ ಕೇಳಿದರು. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಕಾರವಾರ ಇರುವುದು 74ರ ಸ್ವಲ್ಪ ಆಚೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಲೆಕ್ಕ ಹಾಕಿದಾಗ ಹೆಚ್ಚುಕಡಿಮೆ ಕೂಡಿ ಬಂತು. ಎರಡು-ಮೂರು ನಿಮಿಷ ಮಾತ್ರ ಉಳಿಯಿತು. ಅದು ಯಾಕೆ ಅಂತ ಹುಡುಕಲು ಅವರಿಗೆ ಇನ್ನೊಂದು ವಾರ ಹಿಡಿಯಿತು. ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಸುತ್ತುವುದಿಲ್ಲ, ಅದರ ಅಕ್ಷವೂ ವಾಲಿದೆ, ಅಲ್ವಾ?

ಅದೇ ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನಡುನೆತ್ತಿಗೆ ಬರುತ್ತಾನೆ. ಆಗ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್ ಎರಡನೇ ವಾರ ಮತ್ತೊಮ್ಮೆ ಬರುತ್ತಾನೆ, ಆದರೆ ಆಗ ನಮ್ಮಲ್ಲಿ ಮೋಡ ಬಿಡಬೇಕಲ್ಲ!

ಮದ್ದಲೆ ಮಾತಿಗೆ ಬರುತ್ತೇನೆ. ಸುಮ್ನೆ ಚರ್ಮ ಬಿಗಿದ ವಾದ್ಯದಲ್ಲಿ ಮೇಲಿನ ಸ್ವರಗಳು ಮೂಲ ಸ್ವರದ 1.59, 2.14 ಪಟ್ಟು, ಹೀಗೆ ಅಡ್ಡಾದಿಡ್ಡಿ ಇರುತ್ತವೆ. ಅದಕ್ಕೇ ಅದು ಸದ್ದಾಗುತ್ತದೆ, ಶ್ರುತಿಯಾಗುವುದಿಲ್ಲ. ನಡುವೆ ಕಪ್ಪು ಲೇಪ ಹಚ್ಚಿದರೆ ಅವು 2, 3, 4 ಪಟ್ಟಿನ ಹತ್ತಿರ ಬಂದು ನಿಲ್ಲುತ್ತವೆ. ಮೃದಂಗ, ತಬಲಾದಲ್ಲಿ ಇದನ್ನು ತೋರಿಸಿಕೊಟ್ಟವರು ಸಿ. ವಿ. ರಾಮನ್. 1920ರಲ್ಲಿ ಶಿವಕಾಳಿ ಕುಮಾರ್ ಜೊತೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ರಾಮನ್ ಪರಿಣಾಮಕ್ಕಿಂತ ಎಂಟು ವರ್ಷ ಮೊದಲು! ನಮ್ಮ ಪಠ್ಯದಲ್ಲಿ ಅವರ ಬೆಳಕು ಇದೆ, ಈ ನಾದ ಇಲ್ಲ. ನನಗೆ ಅದು ತುಂಬ ಬೇಜಾರು.

ನನ್ನ ಮದ್ದಲೆಯನ್ನು ಮಕ್ಕಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಸ್ವರಗಳನ್ನು ಬಿಡಿಸಿ ನೋಡಿದರು. ಎರಡನೆಯದು ಎರಡರಷ್ಟಕ್ಕೆ ತೀರ ಹತ್ತಿರ ಇತ್ತು. ಮಳೆಗಾಲದಲ್ಲಿ ಚರ್ಮ ಸಡಿಲಾದಾಗ ಏನಾಗುತ್ತದೆ ಅಂತ ಈಗ ಅಳೆಯುತ್ತಿದ್ದಾರೆ. ಉತ್ತರ ನನಗೂ ಗೊತ್ತಿಲ್ಲ ಅಂತ ಅವರಿಗೆ ಗೊತ್ತು. ಅದಕ್ಕೇ ಒಬ್ಬರೂ ರಬ್ಬರ್ ತರುವುದಿಲ್ಲ.

ಪರೀಕ್ಷೆ ನಡೆಸುವವರಲ್ಲಿ ನನ್ನದು ಒಂದೇ ಕೇಳಿಕೆ. ಪ್ರಾಕ್ಟಿಕಲ್‌ನಲ್ಲಿ ಅಂಕ ಕೊಡುವಾಗ ಕೊನೆಯ ಸಾಲು ನೋಡಬೇಡಿ, ರೀಡಿಂಗ್ ನೋಡಿ. ತಪ್ಪು ಎಲ್ಲಿಂದ ಬಂತು ಅಂತ ಹೇಳಬಲ್ಲ ಮಗುವಿಗೆ 959ಕ್ಕೂ ಪೂರ್ತಿ ಅಂಕ ಕೊಡಿ.

ಭಟ್ಕಳದಲ್ಲಿ ಯಾರಾದರೂ ಇದನ್ನು ನೋಡುತ್ತಿದ್ದರೆ ಒಂದು ಮಾತು. ನಿಮ್ಮಲ್ಲಿ ನೆರಳು ಮಾಯವಾಗುವುದು ನಮಗಿಂತ ಎರಡು-ಮೂರು ದಿನ ಮೊದಲು. ಆ ದಿನ ಕಾರವಾರದ ಒಂದು ಮೀಟರ್ ಕೋಲಿಗೆ ಸುಮಾರು ಒಂದೂವರೆ ಸೆಂಟಿಮೀಟರ್ ನೆರಳು ಇರಬೇಕು. ಆ ನೆರಳು, ಜೊತೆಗೆ ನಮ್ಮೆರಡು ಊರುಗಳ ನಡುವಿನ ಉತ್ತರ-ದಕ್ಷಿಣ ದೂರ, ಇಷ್ಟಿದ್ದರೆ ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು. ಬರುವ ಏಪ್ರಿಲ್‌ನಲ್ಲಿ ಕೋಲು ನೆಟ್ಟು, ಸಮಯ ಬರೆದು ಕಳಿಸಿ. ನಮ್ಮ ಮಕ್ಕಳು ಈ ತುದಿಯಲ್ಲಿ ಸ್ಕೇಲ್ ಹಿಡಿದು ಕಾಯುತ್ತಿರುತ್ತಾರೆ.