ಬಾಯಿ ನೋಡುವುದಕ್ಕೂ ಫೀಸ್ ಕೊಡಿ

ನಮಸ್ಕಾರ. ನಂಬಿಕೆಯ ಹಲ್ಲಿನ ಡಾಕ್ಟರ್ ಯಾರಾದರೂ ಗೊತ್ತಿದ್ದರೆ ಹೇಳಿ ಎಂದು ಕೇಳುವವರಿಗೆ ನಾನು ಮೊದಲು ಒಂದು ಹಳೆಯ ಸುದ್ದಿ ಹೇಳುತ್ತೇನೆ. 1997ರಲ್ಲಿ ಅಮೆರಿಕದ ರೀಡರ್ಸ್ ಡೈಜೆಸ್ಟ್ ಪತ್ರಿಕೆಗಾಗಿ ಒಬ್ಬ ವರದಿಗಾರ 28 ರಾಜ್ಯಗಳನ್ನು ಸುತ್ತಿ, 50 ದಂತವೈದ್ಯರ ಮುಂದೆ ಬಾಯಿ ತೆರೆದು ಕುಳಿತ. ಬಾಯಿ ಒಂದೇ, ಹಲ್ಲುಗಳೂ ಅವೇ. ಒಬ್ಬರು 500 ಡಾಲರ್ ಆಸುಪಾಸಿನ ಕೆಲಸವಿದೆ ಎಂದರೆ, ಇನ್ನೊಬ್ಬರ ಅಂದಾಜು ಮೂವತ್ತು ಸಾವಿರ ಡಾಲರ್ ಸಮೀಪಕ್ಕೆ ಹೋಗಿ ನಿಂತಿತು.

ಇದನ್ನು ಕೇಳಿದ ಕೂಡಲೇ ‘ಎಲ್ಲರೂ ಕಳ್ಳರು’ ಎಂದು ಕೈ ತೊಳೆದುಕೊಳ್ಳುವುದು ಸುಲಭ. ನಾನು ಹಾಗೆನ್ನುವುದಿಲ್ಲ. ಹಲ್ಲಿನ ಹೊರಪದರದಲ್ಲಷ್ಟೇ ಶುರುವಾದ ಹುಳುಕನ್ನು ಒಬ್ಬರು ಕೊರೆದು ತುಂಬಬಹುದು, ಇನ್ನೊಬ್ಬರು ಫ್ಲೋರೈಡ್ ಹಚ್ಚಿ, ಆರು ತಿಂಗಳು ಬಿಟ್ಟು ಬನ್ನಿ ಎನ್ನಬಹುದು. ಆ ಹಂತದ ಹುಳುಕು ಅಲ್ಲಿಗೇ ನಿಲ್ಲುವುದೂ ಉಂಟು. ಇಬ್ಬರು ಪ್ರಾಮಾಣಿಕರ ನಡುವೆಯೂ ಅಷ್ಟು ವ್ಯತ್ಯಾಸ ಇರುತ್ತದೆ. ನನ್ನ ತಕರಾರು ಬೇರೆ. ಕೊರೆದವರಿಗೆ ದುಡ್ಡು ಸಿಗುತ್ತದೆ, ಕಾಯೋಣ ಎಂದವರಿಗೆ ಏನೂ ಸಿಗುವುದಿಲ್ಲ. ಈ ಲೆಕ್ಕವನ್ನು ಹಾಕಿಕೊಟ್ಟವರು ನಾವು, ರೋಗಿಗಳು.

ಬೆಂಗಳೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ. ‘ಉಚಿತ ದಂತ ತಪಾಸಣೆ’ ಎಂಬ ಫಲಕ ಇಲ್ಲದ ರಸ್ತೆ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಶಿಬಿರ, ಶಾಲೆಯಲ್ಲಿ ಶಿಬಿರ, ಗಣೇಶೋತ್ಸವದ ಪೆಂಡಾಲಿನ ಪಕ್ಕದಲ್ಲೂ ಶಿಬಿರ. ನಮಗೋ, ಬಿಟ್ಟಿ ಎಂದರೆ ಸಂಭ್ರಮ. ಆದರೆ ಆ ಕುರ್ಚಿ, ಎಕ್ಸ್‌ರೇ ಯಂತ್ರ, ಕಟ್ಟಡದ ಬಾಡಿಗೆ, ಸಹಾಯಕಿಯ ಸಂಬಳ, ಓದಿಗೆ ಮಾಡಿದ ಸಾಲದ ಕಂತು, ಇವುಗಳಿಗೆ ದುಡ್ಡು ಎಲ್ಲಿಂದ ಬರಬೇಕು? ಸೀರೆ ಅಂಗಡಿಯಲ್ಲಿ ನೂರು ಸೀರೆ ಬಿಡಿಸಿ ತೋರಿಸುವುದಕ್ಕೂ ದುಡ್ಡು ಕೇಳುವುದಿಲ್ಲ, ಒಂದಾದರೂ ಕೊಳ್ಳುತ್ತೀರಿ ಎಂಬ ಧೈರ್ಯದಿಂದ. ನೋಡುವುದು ಪುಕ್ಕಟೆ ಎಂದಾದ ಮೇಲೆ ನೋಡಿದ್ದರಲ್ಲಿ ಏನಾದರೂ ಸಿಗಲೇಬೇಕಲ್ಲವೇ?

ಸಿಗುತ್ತದೆ ಕೂಡ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯವರನ್ನು ನೋಡಿ. ಅಲ್ಲಿ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಮಿತಿಯನ್ನು ಅವು ಎಂದೋ ದಾಟಿವೆ. ಆ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳಿರುತ್ತವೆ. ಅದು ಫ್ಲೋರೋಸಿಸ್, ಹುಳುಕಲ್ಲ. ಹಲ್ಲಿನ ಮೇಲಿನ ಗೆರೆಯಲ್ಲಿ ಕಪ್ಪು ಕಂಡ ಮಾತ್ರಕ್ಕೆ ಅದು ಹುಳುಕೇ ಆಗಬೇಕಿಲ್ಲ, ಬರೀ ಕಾಫಿ, ಟೀ ಕಲೆಯೂ ಆಗಿರಬಹುದು. ಇದನ್ನೆಲ್ಲ ಬೇರ್ಪಡಿಸಿ ಹೇಳಲು ಒಳ್ಳೆಯ ಬೆಳಕು, ಒಣಗಿಸಿದ ಹಲ್ಲು, ಒಂದು ಎಕ್ಸ್‌ರೇ, ಹತ್ತು ನಿಮಿಷದ ಸಾವಧಾನ ಬೇಕು. ಶಿಬಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ‘ನಾಲ್ಕು ಹಲ್ಲು ಹಾಳಾಗಿವೆ’ ಎಂದು ಚೀಟಿ ಬರೆದುಕೊಡುವುದನ್ನು ತಪಾಸಣೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ವಿಚಿತ್ರವೆಂದರೆ ಅನುಮಾನ ಪಡಬೇಕಾದ ಕಡೆ ಪಡದ ನಾವು, ಬೇಡದ ಕಡೆ ಧಾರಾಳವಾಗಿ ಪಡುತ್ತೇವೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದಂತೆ, ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದಂತೆ. ಎರಡೂ ಸುಳ್ಳು. ವಸಡು ಸವೆದು ಅಲುಗಾಡುವ ಹಲ್ಲನ್ನು ಗಟ್ಟಿಯಾದ ಪಾಚಿ ಹಿಡಿದು ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಸಡಿಲ ಗೊತ್ತಾಗುತ್ತದೆ, ಅಷ್ಟೆ.

ಹಾಗಾದರೆ ಒಳ್ಳೆಯವರನ್ನು ಗುರುತಿಸುವುದು ಹೇಗೆ? ನೋವಿಲ್ಲದಾಗ ಹೋಗಿ. ರಾತ್ರಿಯಿಡೀ ದವಡೆ ಹಿಡಿದು ಕುಳಿತವನಿಗೆ ಪ್ರಶ್ನೆ ಕೇಳುವ ತ್ರಾಣ ಇರುವುದಿಲ್ಲ, ಬೆಳಿಗ್ಗೆ ಯಾರು ಸಿಕ್ಕರೂ ಅವರೇ ದೇವರು. ನೋವಿಲ್ಲದಾಗ ಹೋಗಿ, ಫೀಸ್ ಕೊಟ್ಟು, ‘ಏನಿದೆ ತೋರಿಸಿ’ ಎನ್ನಿ. ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ನರ ತೆಗೆದು ಬೇರನ್ನು ತುಂಬುವ ಚಿಕಿತ್ಸೆ, ಬೇಕು ಎಂದರೆ ಯಾವ ಹಲ್ಲು, ಹುಳುಕು ನರದ ತನಕ ಎಲ್ಲಿ ಇಳಿದಿದೆ ಎಂದು ಎಕ್ಸ್‌ರೇ ಮೇಲೆ ಬೆರಳಿಟ್ಟು ತೋರಿಸಬೇಕು. ಕೀಳಿಸಿದರೆ ಏನಾಗುತ್ತದೆ, ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎಂದೂ ಹೇಳಬೇಕು. ಕೆಲಸ ಮುಗಿದ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆದು, ಬೇರಿನ ತುದಿಯ ಹತ್ತಿರದವರೆಗೂ ತುಂಬಿದೆಯೇ ಎಂದು ನೋಡಬೇಕು. ಕ್ಯಾಪ್ ಹಾಕಿಸುವಾಗ ಲೋಹದ ಮೇಲೆ ಸೆರಾಮಿಕ್ ಹಚ್ಚಿದ್ದೋ, ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಸೆರಾಮಿಕ್‌ನದ್ದೋ ಕೇಳಿ, ದರದಲ್ಲಿ ದೊಡ್ಡ ಅಂತರವಿದೆ. ಜಿರ್ಕೋನಿಯಾ ಎಂದರೆ ಲ್ಯಾಬಿನ ವಾರಂಟಿ ಕಾರ್ಡನ್ನು ಕೇಳಿ ಪಡೆದುಕೊಳ್ಳಿ. ಈ ಪ್ರಶ್ನೆಗಳಿಗೆ ಸಿಡುಕುವವರು ಎಷ್ಟೇ ನಿಪುಣರಾಗಿದ್ದರೂ ನನಗೆ ಬೇಡ.

ಗೋಡೆಯ ಮೇಲಿನ ಪ್ರಮಾಣಪತ್ರಗಳನ್ನು ಒಮ್ಮೆ ನೋಡಿ. ರಾಜ್ಯ ದಂತವೈದ್ಯ ಪರಿಷತ್ತಿನ ನೋಂದಣಿ, ಕ್ಲಿನಿಕ್‌ಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಎರಡೂ ಇರಬೇಕು. ಅವು ಇಲ್ಲದಿದ್ದರೆ ಎದ್ದು ಬನ್ನಿ. ಇದ್ದರೆ ನಿಮ್ಮ ವಿಚಾರಣೆ ಈಗಷ್ಟೇ ಶುರುವಾಯಿತು ಎಂದುಕೊಳ್ಳಿ.

ಇನ್ನು ಬಿಲ್ಲಿನಲ್ಲಿ ಕಾಣದ ಖರ್ಚಿನ ವಿಷಯ. ತಮಿಳುನಾಡಿನ ವಾಣಿಯಂಬಾಡಿಯಲ್ಲಿ 2023ರಲ್ಲಿ ಒಂದೇ ಹಲ್ಲಿನ ಕ್ಲಿನಿಕ್‌ಗೆ ಹೋಗಿದ್ದವರಲ್ಲಿ ಮಿದುಳಿನ ಸೋಂಕು ಕಾಣಿಸಿಕೊಂಡು ಎಂಟು ಜನ ಸತ್ತರು. ತನಿಖೆ ಮಾಡಿದ ವೆಲ್ಲೂರಿನ ವೈದ್ಯರ ಬೆರಳು ತೋರಿಸಿದ್ದು ಒಂದು ಸಲೈನ್ ಬಾಟಲಿಯ ಕಡೆಗೆ. ಶುದ್ಧಗೊಳಿಸದ ಉಪಕರಣದಿಂದ ಅದನ್ನು ತೆರೆದು, ಸರಿಯಾಗಿ ಮುಚ್ಚದೆ ಮತ್ತೆ ಮತ್ತೆ ಬಳಸಿದ್ದರು. ಉಪಕರಣಗಳನ್ನು ಬಿಸಿನೀರಿನಲ್ಲಿ ಕುದಿಸಿದರೆ ಸಾಲದು. ಆಟೋಕ್ಲೇವ್‌ನಲ್ಲಿ ಒತ್ತಡದ ಹಬೆಯಲ್ಲಿ ಕನಿಷ್ಠ 121 ಡಿಗ್ರಿಯಲ್ಲಿ ಕಾಯಿಸಬೇಕು. ಹಾಗೆ ಕಾಯಿಸಿದ ಪೊಟ್ಟಣದ ಮೇಲಿನ ಗುರುತಿನ ಬಣ್ಣ ಬದಲಾಗಿರುತ್ತದೆ. ಅದನ್ನು ನಿಮ್ಮ ಮುಂದೆಯೇ ಹರಿದು ತೆರೆಯುವವರ ಬಳಿ ಐವತ್ತು ರೂಪಾಯಿ ಕಡಿಮೆ ಮಾಡಿ ಎಂದು ಚೌಕಾಸಿ ಮಾಡಬೇಡಿ. ಕಡಿತ ಬೀಳುವುದು ಯಾವುದಕ್ಕೆ ಎಂದು ನಿಮಗೆ ತಿಳಿಯುವುದೇ ಇಲ್ಲ.

ಸಂದೇಹವಿದ್ದರೆ ಎರಡನೆಯ ಅಭಿಪ್ರಾಯ ಪಡೆಯಿರಿ. ಹೋಗುವಾಗ ಎಕ್ಸ್‌ರೇ ಮಾತ್ರ ಒಯ್ಯಿರಿ, ಮೊದಲಿನವರ ಅಂದಾಜು ಪಟ್ಟಿಯನ್ನು ಮನೆಯಲ್ಲೇ ಬಿಡಿ. ಮೊತ್ತ ನೋಡಿದವರು ಅದಕ್ಕಿಂತ ಸ್ವಲ್ಪ ಕಡಿಮೆ ಹೇಳಿ ನಿಮ್ಮನ್ನು ಒಲಿಸಿಕೊಳ್ಳುತ್ತಾರೆ. ನನ್ನ ಕೇಳಿದರೆ ಇದಕ್ಕೆ ದಂತವೈದ್ಯಕೀಯ ಕಾಲೇಜು ಒಳ್ಳೆಯ ಜಾಗ. ನಮ್ಮ ರಾಜ್ಯದಲ್ಲಿ ಅಂಥವು ನಲವತ್ತಕ್ಕೂ ಹೆಚ್ಚು ಇವೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬದಿಯ ಸರ್ಕಾರಿ ದಂತ ಕಾಲೇಜಿಗೆ ಹೋದರೆ ಸಾಲು ನಿಲ್ಲಬೇಕು, ನಿಜ. ವಿದ್ಯಾರ್ಥಿಯ ಕೈ ನಿಧಾನ, ಎರಡು ಮೂರು ಸಲ ಓಡಾಟ. ಆದರೆ ಅವನ ಕೆಲಸವನ್ನು ಮೇಷ್ಟ್ರು ಬಂದು ನೋಡುತ್ತಾರೆ, ಮೇಷ್ಟ್ರ ಸಂಬಳ ನಿಮ್ಮ ಹಲ್ಲಿನ ಮೇಲೆ ನಿಂತಿಲ್ಲ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರ ವಿಷಯದಲ್ಲೂ ಇದೇ ಮಾತು.

ಫೀಸ್ ಕೊಡಲು ಎಲ್ಲರಿಗೂ ಆಗುತ್ತದೆಯೇ ಎಂದು ಕೇಳಿದರೆ, ಆಗುವುದಿಲ್ಲ. ಆರೋಗ್ಯ ವಿಮೆಗಳೂ ಸಾಮಾನ್ಯವಾಗಿ ಹಲ್ಲನ್ನು ಹೊರಗೇ ಇಡುತ್ತವೆ. ಆಗದವರಿಗೆ ಸರ್ಕಾರಿ ಆಸ್ಪತ್ರೆ ಇರಬೇಕು, ಇನ್ನೂ ಚೆನ್ನಾಗಿ ಇರಬೇಕು. ನಾನು ಹೇಳುತ್ತಿರುವುದು ಮುನ್ನೂರು ರೂಪಾಯಿ ಕೊಡಬಲ್ಲವರಿಗೆ. ಏನೂ ಮಾಡಬೇಕಿಲ್ಲ, ವರ್ಷ ಬಿಟ್ಟು ಬನ್ನಿ ಎಂದ ವೈದ್ಯರ ಬಳಿಯಿಂದ ಹೊರಬಂದು, ‘ಏನೂ ಮಾಡಲಿಲ್ಲ, ದುಡ್ಡು ದಂಡ’ ಎಂದು ಗೊಣಗುವವರು ಅವರೇ.

ಮುಂದಿನ ಸಲ ಕ್ಲಿನಿಕ್‌ಗೆ ಫೋನ್ ಮಾಡಿದಾಗ ರೂಟ್ ಕೆನಾಲ್‌ಗೆ ಎಷ್ಟು ಎಂದು ಕೇಳುವ ಮೊದಲು, ನೋಡುವುದಕ್ಕೆ ಎಷ್ಟು ಎಂದು ಕೇಳಿ. ಫ್ರೀ ಎಂದರೂ ಕೊಟ್ಟು ಬನ್ನಿ. ಎಷ್ಟೋ ಎಳೆಯ ವೈದ್ಯರು ಎದುರಿನ ಕ್ಲಿನಿಕ್‌ನ ಫಲಕಕ್ಕೆ ಹೆದರಿ ತಾವೂ ಹಾಗೆ ಬರೆಸಿಕೊಂಡವರು.