ಲ್ಯಾಸಿಕ್ಸ್ ಕೊಡುವ ಮುಂಚೆ ಕುತ್ತಿಗೆ ನೋಡಿ

ಎಲ್ಲರಿಗೂ ನಮಸ್ಕಾರ. ಐಸಿಯು ಸಿಸ್ಟರ್‌ಗಳು, ಹೌಸ್ ಸರ್ಜನ್‌ಗಳು, ತಾಲ್ಲೂಕು ಆಸ್ಪತ್ರೆಗಳ ಡ್ಯೂಟಿ ಡಾಕ್ಟರುಗಳು, ಎಲ್ಲರೂ ಬಂದಿದ್ದೀರಿ. ಇವತ್ತು ಒಂದೇ ವಿಷಯ, ಕಾರ್ಡಿಯಾಕ್ ಟ್ಯಾಂಪೊನೇಡ್, ಅಂದರೆ ಹೃದಯದ ಸುತ್ತ ನೀರೋ ರಕ್ತವೋ ತುಂಬಿ ಹೃದಯವನ್ನು ಅದುಮುವುದು. ಅಪರೂಪಕ್ಕೆ ಬರುವ ಕೇಸು ನಿಜ, ಆದರೆ ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸಲು ನಾವು ದಿನಾ ಕಣ್ಣು ಮುಚ್ಚಿಕೊಂಡು ಕೊಡುವ ಲ್ಯಾಸಿಕ್ಸ್, ಹಾಕುವ ವೆಂಟಿಲೇಟರ್, ಇವೆರಡೇ ಇದರಲ್ಲಿ ಪ್ರಾಣ ತೆಗೆಯಬಹುದು. ಅದಕ್ಕೇ ಇದನ್ನು ಆರಿಸಿಕೊಂಡೆ.

ಹೃದಯದ ಸುತ್ತ ಪೆರಿಕಾರ್ಡಿಯಂ ಅಂತ ಒಂದು ಚೀಲ ಇದೆ. ಅದರಲ್ಲಿ ಮಾಮೂಲಾಗಿ 15ರಿಂದ 50 ಎಂ.ಎಲ್. ನೀರಿರುತ್ತದೆ. ಚೀಲ ಗಟ್ಟಿ, ಬೇಗ ಹಿಗ್ಗುವುದಿಲ್ಲ. ಹಾಗಾಗಿ ಒಮ್ಮೆಲೇ 150–200 ಎಂ.ಎಲ್. ರಕ್ತ ತುಂಬಿದರೂ ಸಾಕು, ಬಿಪಿ ಬಿದ್ದುಹೋಗುತ್ತದೆ. ಅದೇ ಟಿಬಿಯಲ್ಲಿ ವಾರಗಟ್ಟಲೆ ನಿಧಾನವಾಗಿ ತುಂಬಿದರೆ ಒಂದು ಲೀಟರ್ ಇದ್ದರೂ ರೋಗಿ ನಡೆದುಕೊಂಡೇ ಓಪಿಡಿಗೆ ಬರಬಹುದು. ಎಷ್ಟು ನೀರಿದೆ ಅನ್ನುವುದಕ್ಕಿಂತ ಎಷ್ಟು ಬೇಗ ತುಂಬಿತು ಅನ್ನುವುದೇ ಮುಖ್ಯ. ಒತ್ತಡ ಕಡಿಮೆ ಇರುವ ಬಲಗಡೆ ಕೋಣೆಗಳು ಮೊದಲು ಅದುಮಿಹೋಗುತ್ತವೆ. ಹೃದಯಕ್ಕೆ ಬಡಿಯುವ ಶಕ್ತಿ ಇದೆ, ಆದರೆ ಒಳಗೆ ರಕ್ತವೇ ಬರುತ್ತಿಲ್ಲ.

ನಮ್ಮ ಕಡೆ ಟಿಬಿ, ಕ್ಯಾನ್ಸರ್, ಕಿಡ್ನಿ ವೈಫಲ್ಯ ಇವು ಸಾಮಾನ್ಯ ಕಾರಣಗಳು. ಹಾರ್ಟ್ ಅಟ್ಯಾಕ್ ಆದ ಮೇಲೆ ಹೃದಯದ ಗೋಡೆ ಒಡೆಯುವುದು, ಪೇಸ್‌ಮೇಕರ್ ವೈರ್ ತೂತು ಮಾಡುವುದು, ಇಂಥವೂ ಇವೆ.

ರೋಗಿ ಹೇಗೆ ಕಾಣುತ್ತಾರೆ? ಮಲಗಲು ಆಗುವುದಿಲ್ಲ, ಮುಂದಕ್ಕೆ ಬಾಗಿ ಕೂತಿರುತ್ತಾರೆ. ಏದುಸಿರು. ನಾಡಿ 120ರ ಮೇಲೆ, ಬಿಪಿ 90ರ ಆಸುಪಾಸು. ಹಾರ್ಟ್ ಫೇಲ್ಯೂರ್ ಅಂದುಕೊಂಡು ಕೈ ಲ್ಯಾಸಿಕ್ಸ್ ಕಡೆ ಹೋಗುತ್ತದೆ, ಅಲ್ವಾ? ಒಂದು ನಿಮಿಷ ತಡೆಯಿರಿ. ಕುತ್ತಿಗೆಯ ರಕ್ತನಾಳ ಉಬ್ಬಿದೆಯಾ ನೋಡಿ, ಆಮೇಲೆ ಬೆನ್ನಿಗೆ ಸ್ಟೆತ್ ಇಡಿ. ಶ್ವಾಸಕೋಶದಲ್ಲಿ ಗೊರಗೊರ ಇಲ್ಲ, ಶುದ್ಧವಾಗಿದೆ ಅಂದರೆ ಹಾರ್ಟ್ ಫೇಲ್ಯೂರ್ ಅನ್ನುವ ಲೆಕ್ಕ ಎಲ್ಲೋ ತಪ್ಪಿದೆ. 1935ರಲ್ಲಿ ಕ್ಲಾಡ್ ಬೆಕ್ ಎಂಬ ಅಮೆರಿಕದ ಸರ್ಜನ್ ಬಿದ್ದ ಬಿಪಿ, ಉಬ್ಬಿದ ಕುತ್ತಿಗೆ ನಾಳ, ಕ್ಷೀಣವಾದ ಹೃದಯದ ಸದ್ದು, ಈ ಮೂರನ್ನೂ ಒಟ್ಟಿಗೆ ಬರೆದಿಟ್ಟರು. ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ, ವಾರ್ಡಿನಲ್ಲಿ ಮೂರೂ ಒಟ್ಟಿಗೆ ಸಿಗುವುದು ಕಡಿಮೆ.

ನನಗೆ ಅದಕ್ಕಿಂತ ಇಷ್ಟವಾದದ್ದು 1873ರಲ್ಲಿ ಜರ್ಮನಿಯ ವೈದ್ಯ ಕುಸ್‌ಮಾಲ್ ವಿವರಿಸಿದ ನಾಡಿ, ಉಸಿರು ಎಳೆದಾಗ ಕ್ಷೀಣಿಸುವಂಥದ್ದು. ಮಾನಿಟರಿನ ಬಿಪಿ ಇದಕ್ಕೆ ಆಗುವುದಿಲ್ಲ, ಕೈಯಲ್ಲಿ ಪಂಪ್ ಮಾಡುವ ಕಫ್ ಬೇಕು. ರೋಗಿ ತಮ್ಮ ಪಾಡಿಗೆ ಉಸಿರಾಡುತ್ತಿರಲಿ. ಕಫ್ ಊದಿ, ಗಾಳಿಯನ್ನು ತುಂಬಾ ನಿಧಾನವಾಗಿ ಬಿಡಿ. ಮೊದಲು ಉಸಿರು ಬಿಟ್ಟಾಗ ಮಾತ್ರ ಟಕ್ ಟಕ್ ಕೇಳುತ್ತದೆ, ಎಳೆದುಕೊಂಡಾಗ ಮಾಯ. ಅದು 104 ಅಂದುಕೊಳ್ಳಿ. ಇನ್ನೂ ಇಳಿಸುತ್ತಾ ಹೋಗಿ, ಎಳೆದರೂ ಬಿಟ್ಟರೂ ಸದ್ದು ಬಿಡದೆ ಕೇಳುವ ಅಂಕಿ 86 ಅಂದುಕೊಳ್ಳಿ. ವ್ಯತ್ಯಾಸ 18. ಹತ್ತಕ್ಕಿಂತ ಜಾಸ್ತಿ ಇದ್ದರೆ ಅನುಮಾನ ಪಡಿ. ಉಸಿರು ಎಳೆದಾಗ ಬಲಗಡೆಗೆ ರಕ್ತ ನುಗ್ಗುತ್ತದೆ, ಹೊರಗೆ ಹಿಗ್ಗಲು ಜಾಗವಿಲ್ಲ, ನಡುಗೋಡೆ ಎಡಕ್ಕೆ ತಳ್ಳಿಕೊಳ್ಳುತ್ತದೆ, ಎಡಗಡೆಗೆ ತುಂಬುವುದು ಕಮ್ಮಿಯಾಗುತ್ತದೆ. ಅಷ್ಟೇ ಮರ್ಮ. ಜೋರು ಅಸ್ತಮಾದಲ್ಲೂ ಹೀಗೆ ಸಿಗಬಹುದು ಅನ್ನಿ.

ಇಸಿಜಿಯಲ್ಲಿ ಅಲೆಗಳು ಗಿಡ್ಡ, ಕೆಲವರಲ್ಲಿ ಒಂದು ಎತ್ತರ ಒಂದು ಗಿಡ್ಡ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಇದ್ದರೆ ಬೇರೆ ವಾದವೇ ಬೇಡ, ಪ್ರೋಬ್ ಇಡಿ.

ಆದರೆ ಬೈಪಾಸ್ ಆದ ರೋಗಿಗಳ ವಿಷಯ ಬೇರೆ. ಎದೆಯ ಡ್ರೈನ್‌ನಲ್ಲಿ ಗಂಟೆಗಂಟೆಗೂ ರಕ್ತ ಬರುತ್ತಿತ್ತು, ಒಮ್ಮೆಲೇ ನಿಂತಿತು. ರಕ್ತಸ್ರಾವ ನಿಂತಿತಪ್ಪಾ ಅಂತ ನಿಟ್ಟುಸಿರು ಬಿಡಬೇಡಿ. ಟ್ಯೂಬ್ ಕಟ್ಟಿಕೊಂಡು ರಕ್ತ ಒಳಗೇ ಹೆಪ್ಪುಗಟ್ಟುತ್ತಿರಬಹುದು. ಆ ಹೆಪ್ಪು ಹೃದಯದ ಹಿಂದೆ ಕೂತರೆ ಎದೆ ಮೇಲಿಂದ ಮಾಡುವ ಎಕೋದಲ್ಲಿ ಕಾಣದೇ ಹೋಗಬಹುದು. ಡ್ರೈನ್ ನಿಂತು, ಮೂತ್ರ ಇಳಿದು, ಬಿಪಿ ಏರಿಸುವ ಇಂಜೆಕ್ಷನ್ ಡೋಸ್ ಏರುತ್ತಿದೆ ಅಂದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಸರ್ಜನ್‌ಗೆ ಫೋನ್ ಮಾಡಿ. ಬೈದರೆ ಬೈಯಲಿ.

ಚಿಕಿತ್ಸೆ ಒಂದೇ, ಚೀಲದ ನೀರು ತೆಗೆಯುವುದು. ಅಲ್ಲಿಯವರೆಗೆ ಮೈಯಲ್ಲಿ ನೀರಿನಂಶ ಕಮ್ಮಿ ಇದ್ದವರಿಗೆ 250–500 ಎಂ.ಎಲ್. ಸಲೈನ್ ಕೊಟ್ಟು ನೋಡಬಹುದು. ಲ್ಯಾಸಿಕ್ಸ್ ಬೇಡ, ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ಬೇಡ, ಎರಡೂ ಹೃದಯಕ್ಕೆ ಬರುವ ರಕ್ತವನ್ನೇ ಇಳಿಸುತ್ತವೆ. ಮಂಪರು ಬರಿಸುವ ಪ್ರೊಪೊಫಾಲ್ ಕೊಟ್ಟು ಟ್ಯೂಬ್ ಹಾಕಿ ವೆಂಟಿಲೇಟರ್ ಒತ್ತಡ ಕೊಟ್ಟ ಕೂಡಲೇ ಹೃದಯ ನಿಲ್ಲಬಹುದು. ಸಾಧ್ಯವಾದಷ್ಟೂ ರೋಗಿ ಕೂತೇ ಇರಲಿ, ತಾವೇ ಉಸಿರಾಡಲಿ. ಎಕೋ ನೋಡಿಕೊಂಡು ಸೂಜಿ ಹಾಕಿ, ನೀರು ಹರಿಯಲು ಪಿಗ್‌ಟೇಲ್ ಕೊಳವೆ ಒಳಗೆ ಇರಿಸಿ. ಮೊದಲ ಸ್ವಲ್ಪ ತೆಗೆದ ಕೂಡಲೇ ಬಿಪಿ ಏರುವುದು ಕಣ್ಣೆದುರೇ ಕಾಣುತ್ತದೆ. ಆ ಖುಷಿಗೆ ಲೀಟರ್‌ಗಟ್ಟಲೆ ಒಂದೇ ಸಲ ಎಳೆದುಬಿಡಬೇಡಿ, ಹೃದಯ ಸುಸ್ತಾಗಿ ಶ್ವಾಸಕೋಶಕ್ಕೆ ನೀರು ಬರಬಹುದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ ಸೀಳಿ ರಕ್ತ ತುಂಬಿದ್ದರೆ ಮಾತ್ರ ಸೂಜಿಯ ಹಿಂದೆ ಹೋಗಬೇಡಿ, ಆಪರೇಷನ್ ಆಗುವ ಕಡೆಗೆ ಕಳಿಸಿ.

ತೆಗೆದ ನೀರನ್ನು ಟಿಬಿ ಪತ್ತೆಗೆ ಮಾಡುವ ಎಡಿಎ, ಸಿಬಿನಾಟ್ ಪರೀಕ್ಷೆಗಳು, ಕ್ಯಾನ್ಸರ್ ಕೋಶ ಇವಕ್ಕೆ ಕಳಿಸುವುದು ಮರೆಯಬೇಡಿ. ಈಗ ಕಫ್ ತಂದಿದ್ದೇನೆ, ಇಬ್ಬಿಬ್ಬರಾಗಿ ಬನ್ನಿ, ಒಬ್ಬರು ಉಸಿರಾಡಿ, ಇನ್ನೊಬ್ಬರು ಕೇಳಿ.