ಕಿಸಕ್ಕನೆ ನಕ್ಕವರು

ಕೇಳುಗರೇ, ನಮಸ್ಕಾರ. ನಗುವಿನ ಮಾತುಗಳಿಗೆ ಕನ್ನಡದಲ್ಲಿ ಬರವಿಲ್ಲ. ಮುಗುಳ್ನಗೆ, ಹುಸಿನಗೆ, ಗಹಗಹಿಸುವುದು, ಬಿದ್ದು ಬಿದ್ದು ನಗುವುದು. ಇವತ್ತು ನಾನು ಮಾತಾಡುವುದು ಇವುಗಳಲ್ಲೆಲ್ಲ ಸ್ವಲ್ಪವೂ ಮರ್ಯಾದೆಯಿಲ್ಲದ ಕಿಸಕ್ಕನೆಯ ನಗುವಿನ ಬಗ್ಗೆ.

‘ಕಿಸಕ್ಕನೆ’ ಸದ್ದಿನಿಂದ ಹುಟ್ಟಿದ ಮಾತು. ವ್ಯಾಕರಣದವರು ಅನುಕರಣಾವ್ಯಯ ಎನ್ನುತ್ತಾರೆ. ಬಿಗಿಹಿಡಿದ ತುಟಿಗಳ ಸಂದಿಯಿಂದ ಉಸಿರು ಜಾರಿದರೆ ಕಿಸಕ್ಕನೆ. ಜಾರುತ್ತಲೇ ಇದ್ದರೆ ಕಿಸಿಕಿಸಿ. ಕೈ ಅಡ್ಡ ಹಿಡಿದು ಅದುಮಿಕೊಂಡರೆ ಮುಸಿಮುಸಿ.

‘ಕಿಸಕ್ಕನೆ ನಕ್ಕೆ’ ಅನ್ನುವುದಕ್ಕಿಂತ ‘ಕಿಸಕ್ಕನೆ ನಕ್ಕುಬಿಟ್ಟೆ’ ಅನ್ನುವುದೇ ನಮಗೆ ಸಲೀಸು. ಆ ‘ಬಿಟ್ಟೆ’ಯಲ್ಲೇ ಸಮಜಾಯಿಷಿ ಇದೆ: ನಾನು ನಗಲಿಲ್ಲ ಸ್ವಾಮಿ, ನಗು ಬಂದುಬಿಟ್ಟಿತು! ಬೇರೆಯವರ ಬಗ್ಗೆ ಹೇಳುವಾಗ ಮಾತ್ರ ಈ ರಿಯಾಯಿತಿ ಇಲ್ಲ. ‘ಏನೇ ಅದು ಕಿಸಿಕಿಸಿ?’ ಎಂದು ಗದರುತ್ತೇವೆ. ಗದರಿಸಿಕೊಳ್ಳುವವರು ಹೆಚ್ಚಾಗಿ ಹುಡುಗಿಯರು. ಹುಡುಗರು ಕೇಕೆ ಹಾಕಿದರೂ ಕೇಳುವವರಿಲ್ಲ. ಇದು ನನಗೆ ಮೊದಲಿನಿಂದಲೂ ಅನ್ಯಾಯವೆಂದೇ ತೋರಿದೆ.

ಈ ನಗುವಿಗೆ ದೊಡ್ಡ ಹಾಸ್ಯ ಬೇಕಿಲ್ಲ, ನಗಬಾರದ ಜಾಗ ಸಿಕ್ಕರೆ ಸಾಕು. ಮೌನಾಚರಣೆಗೆ ಎಲ್ಲರೂ ತಲೆ ತಗ್ಗಿಸಿ ನಿಂತಿರುತ್ತಾರೆ. ಯಾರದೋ ಹೊಟ್ಟೆ ಗುರ್ ಅನ್ನುತ್ತದೆ. ನೀವು ಕೆಳತುಟಿ ಕಚ್ಚುತ್ತೀರಿ, ಕಾಲ್ಬೆರಳು ನೋಡುತ್ತೀರಿ, ಆದಾಯ ತೆರಿಗೆಯನ್ನು ನೆನೆಯುತ್ತೀರಿ. ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಪಕ್ಕದವರ ಭುಜ ಕುಲುಕುವುದು ಕಾಣುತ್ತದೆ. ಮುಗಿಯಿತು.

ಹೌದು, ಕೆಡಿಸುವವರು ಪಕ್ಕದವರೇ. ಜನ ಒಂಟಿಯಾಗಿರುವಾಗ ನಗುವುದಕ್ಕಿಂತ ಜೊತೆಯಲ್ಲಿರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆಂದು ನಗುವನ್ನೇ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಕಂಡುಕೊಂಡರು.

ಇದು ಕೈಮೀರಿದ್ದೂ ಉಂಟು. 1962ರ ಜನವರಿಯಲ್ಲಿ, ಆಗಿನ ಟಾಂಗನೀಕಾದ, ಅಂದರೆ ಆಫ್ರಿಕಾದ ಈಗಿನ ಟಾಂಜಾನಿಯಾದ, ಕಶಾಶಾ ಎಂಬಲ್ಲಿನ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಮೂವರಿಂದ ಶುರುವಾದ ನಗು 159 ಮಕ್ಕಳಲ್ಲಿ 95 ಮಂದಿಗೆ ಹಬ್ಬಿತು. ಮಾರ್ಚ್‌ನಲ್ಲಿ ಶಾಲೆ ಮುಚ್ಚಬೇಕಾಯಿತು. ಮನೆಗೆ ಹೋದ ಮಕ್ಕಳ ಹಿಂದೆ ಅದು ಬೇರೆ ಊರುಗಳಿಗೂ ಹೋಯಿತು. ಕೇಳಲು ತಮಾಷೆ, ಆದರೆ ಆ ಮಕ್ಕಳು ಅಳುತ್ತಲೂ ಇದ್ದರು. ಕಾರಣ ಖುಷಿಯಲ್ಲ, ಮನಸ್ಸಿನ ಮೇಲಿನ ಒತ್ತಡ ಎಂಬುದೇ ಮುಂದೆ ಇದನ್ನು ಪರಿಶೀಲಿಸಿದವರ ಅಭಿಪ್ರಾಯ.

ನಮ್ಮ ನಿತ್ಯದ ಕಿಸಿಕಿಸಿ ಅಷ್ಟು ದೂರ ಹೋಗುವುದಿಲ್ಲ. ತಡೆಯಲೇಬೇಕಿದ್ದರೆ ಜೊತೆಗಾರರ ಮುಖ ನೋಡಬೇಡಿ. ನೋಡಿಬಿಟ್ಟಿರಾ? ಕೆಮ್ಮು ಬಂದವರಂತೆ ಎದ್ದು ಹೊರಗೆ ನಡೆಯಿರಿ. ಅವರೂ ಕೆಮ್ಮುತ್ತಾ ಹಿಂದೆಯೇ ಬಂದರೆ, ಅದಕ್ಕೆ ನನ್ನಲ್ಲಿ ಉಪಾಯವಿಲ್ಲ. ನಮಸ್ಕಾರ.